ರಾತ್ರಿಯ ಅಂಗಿಯೂ ಒಪ್ಪಿಗೆಯ ಪ್ರಶ್ನೆಯೂ

ಈ ಅಂಕಣದ ವಾಚಕರಾದ ಗೃಹಸ್ಥರೊಬ್ಬರು ನನಗೆ ಎರಡು ಪುಟಗಳ ಕಾಗದವನ್ನು ಬರೆದಿರುವರು. ಅವರ ಮಗಳಿಗೆ ಹದಿನೇಳು ವರ್ಷ ವಯಸ್ಸು. ಓದಿನಲ್ಲಿ ಜಾಣೆ, ಮನೆಗೆಲಸದಲ್ಲಿಯೂ ಹಿಂದೆ ಬೀಳತಕ್ಕವಳಲ್ಲ. ಆದರೆ ಈಚೆಗೆ ಆಕೆಯ ಮೇಜಿನ ಮೇಲೆ ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳು ಕಾಣಿಸಿಕೊಳ್ಳತೊಡಗಿವೆಯಂತೆ. ತಂದೆಗೆ ಎರಡು ಆಕ್ಷೇಪಣೆಗಳು. ಮೊದಲನೆಯದು, ಇಂಥ ಗ್ರಂಥಗಳು ಹೊತ್ತು ಕಳೆಯಲು ಹುಟ್ಟಿದವು, ಬುದ್ಧಿಯನ್ನು ಸೋಮಾರಿಯಾಗಿ ಮಾಡತಕ್ಕವು ಎಂಬುದು. ಎರಡನೆಯದನ್ನು ಅವರು ಬಹಳ ಸಂಕೋಚದಿಂದ ಬರೆದಿರುವರು: ಹೆಂಗಸರ ಶಯನಗೃಹ, ಉಡುಪು, ಶರೀರ ಇವುಗಳ ವಿಷಯವನ್ನು ನಾಲ್ಕು ಜನರ ಮುಂದೆ ಕೆದಕಿ ಕೆದಕಿ ವಿಚಾರಿಸುವುದೇ ಈ ಕತೆಗಳ ಕಸುಬಾಗಿರುವುದರಿಂದ ಲಜ್ಜೆಯೆಂಬುದು ಮಗಳ ಮನಸ್ಸಿನಿಂದ ಸವೆದುಹೋಗಬಹುದಲ್ಲವೇ ಎಂಬುದು.

ಕಾಗದವನ್ನು ಓದಿ ನಾನು ನಗಲಿಲ್ಲ. ಹೆಣ್ಣುಮಕ್ಕಳನ್ನು ಬೆಳೆಸಿದವರಿಗೆ ಈ ಭಯ ಯಾವ ಬಗೆಯದೆಂದು ತಿಳಿದೇ ಇರುವುದು. ಆದರೆ ಉತ್ತರವು ಎರಡು ಸಾಲುಗಳಲ್ಲಿ ಮುಗಿಯತಕ್ಕದ್ದಲ್ಲವಾದ್ದರಿಂದ ಈ ತಿಂಗಳಿನ ಪುಟಗಳನ್ನೆಲ್ಲಾ ಅದಕ್ಕೇ ಮೀಸಲಿಟ್ಟಿರುವೆನು.

ಮೊದಲನೆಯ ಆಕ್ಷೇಪಣೆಯನ್ನು ಬೇಗನೆ ಮುಗಿಸುವೆನು. ಪತ್ತೇದಾರಿ ಕಾದಂಬರಿಗಳೆಲ್ಲವೂ ಒಂದೇ ಜಾತಿಯವಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ದಿಂಬಿನ ಕೆಳಗೆ ಬಚ್ಚಿಟ್ಟುಕೊಂಡು ಓದಿದ ಕನ್ನಡಿಗರು ಎಷ್ಟು ಸಾವಿರವೋ! ಅವರಲ್ಲಿ ನಾನೂ ಒಬ್ಬಳು. ಆ ಸಂತೋಷಕ್ಕೆ ನಾನು ಕೃತಘ್ನಳಾಗಲಾರೆ. ಆದರೆ ಇನ್ನೊಂದು ಜಾತಿಯ ಕಾದಂಬರಿಗಳುಂಟು. ಅವು ಓದುಗನನ್ನು ಕುರ್ಚಿಯಲ್ಲಿ ಒರಗಿಕೊಂಡಿರಲು ಬಿಡವು. ಯಾರು ಏನನ್ನು ಕಂಡರು, ಯಾರು ಕಂಡುದನ್ನು ಹೇಳಲಿಲ್ಲ, ಹೇಳದಿರಲು ಕಾರಣವೇನು ಎಂಬುದನ್ನು ಪುಟಪುಟಕ್ಕೂ ತೂಗಿ ನೋಡದ ಹೊರತು ಅಲ್ಲಿ ಒಂದು ಹೆಜ್ಜೆಯೂ ಮುಂದೆ ಹೋಗಲಾಗದು. ಇಂಥವನ್ನು ಓದುವುದು ಸೋಮಾರಿತನವೆನ್ನುವವರು ವ್ಯಾಕರಣವನ್ನೂ ಗಣಿತವನ್ನೂ ಸೋಮಾರಿತನವೆನ್ನಬೇಕಾದೀತು.

ಎರಡನೆಯ ಆಕ್ಷೇಪಣೆಯೇ ನಿಜವಾದ ವಿಷಯ. ಅದಕ್ಕಾಗಿ ಒಂದು ಗ್ರಂಥವನ್ನು ಎತ್ತಿಕೊಳ್ಳುವೆನು. ವಿಲ್ಕಿ ಕಾಲಿನ್ಸನು 1868ರಲ್ಲಿ ಪ್ರಕಟಿಸಿದ 'ದಿ ಮೂನ್‌ಸ್ಟೋನ್' ಎಂಬ ಕಾದಂಬರಿ ಅದು. ನಮ್ಮವರಿಗೆ ಅದು ಪರದೇಶದ ಕತೆಯೆಂದು ತೋರಬಾರದು. ಏಕೆಂದರೆ ಅದರ ಪೀಠಿಕೆಯು ನಡೆಯುವುದು ನಮ್ಮ ಶ್ರೀರಂಗಪಟ್ಟಣದ ಕೋಟೆಯೊಳಗೆ, 1799ನೆಯ ಮೇ 4ರಂದು. ಟಿಪ್ಪುವಿನ ಕೋಟೆ ಬಿದ್ದ ಆ ದಿನದ ಲೂಟಿಯ ಗಲಭೆಯಲ್ಲಿ ಆಂಗ್ಲ ಸೇನಾಧಿಕಾರಿಯೊಬ್ಬನು ಸೋಮನಾಥದ ದೇವತಾಮೂರ್ತಿಗೆ ಸೇರಿದ್ದ ವಜ್ರವೊಂದನ್ನು ಕಾವಲಿಗಿದ್ದವರನ್ನು ಕೊಂದು ಅಪಹರಿಸುವನು. ವಜ್ರವೂ ಅಧಿಕಾರಿಯೂ ಕಲ್ಪಿತ. ಕೋಟೆ, ಲೂಟಿ, ತಾರೀಖು ಇವು ಚರಿತ್ರೆ. ಐವತ್ತು ವರ್ಷಗಳ ಬಳಿಕ ಆತನ ಮರಣಶಾಸನದ ಮೂಲಕ ಆ ರತ್ನವು ಇಂಗ್ಲೆಂಡಿನ ಯಾರ್ಕ್‌ಷೈರಿನ ಮನೆಯೊಂದರಲ್ಲಿ ರೇಚಲ್ ಎಂಬ ತರುಣಿಗೆ ಹದಿನೆಂಟನೆಯ ಹುಟ್ಟುಹಬ್ಬದ ಉಡುಗೊರೆಯಾಗಿ ಬಂದು ಸೇರುವುದು. ಅದೇ ರಾತ್ರಿ ಅದು ಮಾಯವಾಗುವುದು. ಕದ್ದ ಮಾಲು ಎರಡನೆಯ ಸಲ ಕಳವಾದಾಗ ಆ ಮನೆಯವರು ಪಡುವ ಆಶ್ಚರ್ಯವನ್ನು ಶ್ರೀರಂಗಪಟ್ಟಣದ ಕಡೆಯವರು ಓದಿದರೆ ಸ್ವಲ್ಪ ಮುಗುಳ್ನಗೆ ಬಂದರೂ ಬರಬಹುದು.

ಗ್ರಂಥಕರ್ತನು ಕತೆಯನ್ನು ತಾನೇ ಹೇಳುವುದಿಲ್ಲ. ಮನೆಯ ಮುದಿ ಕಾರುಭಾರಿ, ಧರ್ಮಪ್ರಚಾರದ ಹುಚ್ಚು ಹಿಡಿದ ಬಡ ಬಂಧು, ವಕೀಲ, ವೈದ್ಯನ ಸಹಾಯಕ, ಹೀಗೆ ಹಲವರು ಒಬ್ಬರ ತರುವಾಯ ಒಬ್ಬರು ತಾವು ಕಣ್ಣಾರೆ ಕಂಡಷ್ಟನ್ನು ಮಾತ್ರ ಬರೆದುಕೊಡುವರು. ಒಬ್ಬರು ಕಂಡುದನ್ನು ಇನ್ನೊಬ್ಬರು ಕಂಡಿಲ್ಲ. ಒಬ್ಬರು ನಂಬಿದ್ದು ಇನ್ನೊಬ್ಬರಿಗೆ ಹಾಸ್ಯಾಸ್ಪದ. ಇವೆಲ್ಲವನ್ನೂ ಜೋಡಿಸತಕ್ಕ ಭಾರವು ಓದುಗನ ಮೇಲೆ.

ಈಗ ಶಯನಗೃಹದ ವಿಷಯಕ್ಕೆ ಬರೋಣ. ರೇಚಲಳ ಕೊಠಡಿಯ ಬಾಗಿಲಿಗೆ ಆ ದಿನ ಹೊಸದಾಗಿ ಬಣ್ಣ ಬಳಿದಿದ್ದರು. ಬೆಳಗ್ಗೆ ನೋಡಿದರೆ ಒಂದು ಕಡೆ ಬಣ್ಣ ಕಲಸಿಹೋಗಿದೆ. ಯಾರದೋ ಉಡುಪು ಅಲ್ಲಿ ಸವರಿಕೊಂಡು ಹೋಗಿರಬೇಕು. ಲಂಡನ್ನಿನಿಂದ ಬಂದ ಪತ್ತೇದಾರ ಸಾರ್ಜೆಂಟ್ ಕಫನು ಬಣ್ಣ ಹತ್ತಿದ ಆ ಉಡುಪು ಸಿಕ್ಕಿದರೆ ಕಳ್ಳನೂ ಸಿಕ್ಕಿದಂತೆಯೇ ಎಂದು ಭಾವಿಸುವನು. ಇದಕ್ಕೆ ಮೊದಲು ಬಂದಿದ್ದ ಊರಿನ ಪೊಲೀಸ್ ಅಧಿಕಾರಿಯು ಆಳುಹೆಣ್ಣುಗಳ ಮೇಲೆಯೇ ಕಣ್ಣು ಕೆಂಪಗೆ ಮಾಡಿ, ಅವರ ವಸ್ತುಗಳನ್ನೇ ಕೆದಕಿಸಿ, ಮನೆಯಲ್ಲೆಲ್ಲಾ ಅಳುವಿನ ಕೋಲಾಹಲವನ್ನು ಎಬ್ಬಿಸಿದ್ದನು. ಕಫನು ಹಾಗೆ ಮಾಡುವುದಿಲ್ಲ. ಮನೆಯ ಯಜಮಾನಿಯಿಂದ ಹಿಡಿದು ಕೊನೆಯ ಆಳಿನವರೆಗೆ ಎಲ್ಲರ ಬಟ್ಟೆಯ ಪೆಟ್ಟಿಗೆಗಳನ್ನೂ ನೋಡಲು ಅವರವರ ಅನುಮತಿಯನ್ನು ಬೇಡುವನು. ಯಜಮಾನಿ ಒಪ್ಪುವಳು. ಅತಿಥಿಗಳು ತಾವಾಗಿಯೇ ಬೀಗದ ಕೈಗಳನ್ನು ಕೊಡುವರು. ರೇಚಲ್ ಮಾತ್ರ ಒಲ್ಲೆನೆಂದು ಹೇಳಿಕಳುಹಿಸುವಳು, ಕಾರಣವನ್ನು ಹೇಳಳು. ಆಗ ಕಫನು ಏನು ಮಾಡಬೇಕಾಗಿತ್ತು? ಯಜಮಾನಿಯ ಮಗಳನ್ನು ಬಿಟ್ಟು ಉಳಿದವರ ಪೆಟ್ಟಿಗೆಗಳನ್ನು ತೆರೆಸಬಹುದಾಗಿತ್ತು. ಆದರೆ ಆತನು ಶೋಧಿಸಿದರೆ ಎಲ್ಲರನ್ನೂ ಶೋಧಿಸಬೇಕು, ಇಲ್ಲವಾದರೆ ಯಾರನ್ನೂ ಶೋಧಿಸಕೂಡದು ಎಂದು ಆ ಯೋಚನೆಯನ್ನೇ ಕೈಬಿಡುವನು.

ಈ ಪ್ರಕರಣವನ್ನು ಮೊದಲ ಸಲ ಓದಿದಾಗ ನಾನು ಪುಸ್ತಕವನ್ನು ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆನು. ನನಗೆ ಹನ್ನೊಂದು ವರ್ಷವಾಗಿದ್ದಾಗ ನಮ್ಮ ಬಂಧುಗಳ ಮನೆಯ ಮದುವೆಯಲ್ಲಿ ಒಂದು ಎರಡೆಳೆಯ ಸರ ಕಾಣೆಯಾಯಿತು. ಮನೆಯ ತುಂಬಾ ನಲವತ್ತು ಜನ ಬಂಧುಗಳಿದ್ದರು. ಪಾತ್ರೆ ತೊಳೆಯಲು ಬಂದಿದ್ದ ಹುಡುಗಿ ಒಬ್ಬಳೇ. ಹಿರಿಯ ಹೆಂಗಸರಿಬ್ಬರು ಆಕೆಯನ್ನು ಬಚ್ಚಲಮನೆಗೆ ಕರೆದುಕೊಂಡು ಹೋದರು. ದೀಪವು ಆರಿಹೋಗಿದ್ದ ಸಂಜೆಯಾದ್ದರಿಂದ ಲಾಟೀನು ಹಿಡಿದುಕೊಂಡು ನಿಲ್ಲಲು ನನಗೆ ಹೇಳಿದರು. ನಾನು ನಿಂತೆನು. ಆಕೆಯ ವಯಸ್ಸು ನನ್ನದಕ್ಕಿಂತ ಮೂರು ನಾಲ್ಕು ವರ್ಷ ಹೆಚ್ಚಾಗಿದ್ದಿರಬಹುದು. ಸೀರೆಯನ್ನು ಬಿಚ್ಚಿಸಿದರು, ರವಿಕೆಯನ್ನು ಬಿಚ್ಚಿಸಿದರು. ಆ ಹುಡುಗಿ ಒಂದು ಮಾತನ್ನೂ ಆಡಲಿಲ್ಲ. ಗೋಡೆಯ ಕಡೆಗೆ ಮುಖ ಮಾಡಿಕೊಂಡಿದ್ದಳು. ಸರವು ಎರಡು ದಿನಗಳ ಮೇಲೆ ಧಾರೆಯ ಸೀರೆಯ ಮಡಿಕೆಯಲ್ಲಿ ಸಿಕ್ಕಿತು. ಸಿಕ್ಕಿತೆಂಬ ಸುದ್ದಿಯನ್ನು ಆ ಹುಡುಗಿಗೆ ಹೇಳಿಕಳುಹಿಸಿದರೋ ಇಲ್ಲವೋ ನಾನರಿಯೆ. ಆಕೆ ಆ ಮನೆಗೆ ಮತ್ತೆ ಬರಲಿಲ್ಲ. ಶೋಧಿಸಿದ ಹಿರಿಯರಿಬ್ಬರೂ ಮಹಾ ಮರ್ಯಾದಸ್ಥರು. ಪರಪುರುಷರ ಎದುರಿಗೆ ಸೆರಗು ಜಾರಗೊಡಿಸಿದವರಲ್ಲ. ತಮ್ಮ ಲಜ್ಜೆಯು ಅಷ್ಟು ಅಮೂಲ್ಯವಾಗಿದ್ದವರಿಗೆ ಆ ಹುಡುಗಿಗೂ ಒಂದು ಲಜ್ಜೆಯಿದ್ದೀತೆಂಬುದು ಹೊಳೆಯಲೇ ಇಲ್ಲ. ಲಾಟೀನು ಹಿಡಿದ ನನಗೂ ಆಗ ಹೊಳೆಯಲಿಲ್ಲ.

ಕಾಲಿನ್ಸನು ಈ ಉಡುಪಿನ ಸಂಗತಿಯನ್ನು ಆಕಾಶದಿಂದ ತಂದವನಲ್ಲ. 1860ನೆಯ ಜೂನ್ 29ರ ರಾತ್ರಿ ಇಂಗ್ಲೆಂಡಿನ ರೋಡ್ ಎಂಬ ಗ್ರಾಮದ ದೊಡ್ಡ ಮನೆಯೊಂದರಲ್ಲಿ ನಾಲ್ಕು ವರ್ಷ ತುಂಬದ ಗಂಡುಮಗುವೊಂದು ತೊಟ್ಟಿಲಿನಿಂದ ಕಾಣೆಯಾಗಿ, ಮರುದಿನ ಅಂಗಳದ ಶೌಚಗೃಹದಲ್ಲಿ ಹೆಣವಾಗಿ ಸಿಕ್ಕಿತು. ಆಗಲೂ ಪೊಲೀಸನೊಬ್ಬನ ಹೆಂಡತಿಯನ್ನು ಕರೆಸಿ ಆಳುಹೆಣ್ಣುಗಳನ್ನು ಶೋಧಿಸಿದರು. ಅದೇ ದಿನ ಅಡಿಗೆಮನೆಯ ಕಡೆಯ ಒಲೆಯ ಗೂಡಿನಲ್ಲಿ ರಕ್ತದ ಕಲೆಯಿದ್ದ ಹೆಂಗಸಿನ ಒಳ ಅಂಗಿಯೊಂದು ಪೊಲೀಸರಿಗೆ ಸಿಕ್ಕಿತು. ಮೇಲಧಿಕಾರಿ ಫೋಲಿ ಎಂಬಾತನು ಅದನ್ನು ನೋಡಿದನು, ಹೆಂಗಸರ ತಿಂಗಳಿನ ಕಲೆಯೆಂದು ಊಹಿಸಿದನು, ನಾಚಿದನು. ಇಂಥ ವಸ್ತುವನ್ನು ಹೊರಗೆ ತೋರಿಸುವುದು ಸಭ್ಯತೆಯಲ್ಲವೆಂದು ಭಾವಿಸಿ ಅದನ್ನು ಸಿಕ್ಕಿದ ಸ್ಥಳದಲ್ಲಿಯೇ ಇರಿಸಿದನು. ರಾತ್ರಿ ಕಾವಲಿಗಿದ್ದವರ ಕಣ್ಣು ತಪ್ಪಿಸಿ ಅಂಗಿ ಮಾಯವಾಯಿತು. ನ್ಯಾಯಾಧಿಕಾರಿಗಳಿಗಾಗಲಿ, ಎರಡು ವಾರಗಳ ಬಳಿಕ ಲಂಡನ್ನಿನಿಂದ ಬಂದ ಪ್ರಸಿದ್ಧ ಪತ್ತೇದಾರ ವಿಚರನಿಗಾಗಲಿ ಯಾರೂ ಈ ಮಾತನ್ನು ಹೇಳಲಿಲ್ಲ. ನವೆಂಬರ್ ತಿಂಗಳಿನಲ್ಲಿ ಅದು ಬಯಲಾಯಿತು.

ವಿಚರನು ಇನ್ನೊಂದು ಉಡುಪಿನ ಬೆನ್ನು ಹತ್ತಿದ್ದನು. ಆ ಮನೆಯ ಹದಿನಾರು ವರ್ಷದ ಮಗಳು ಕಾನ್‌ಸ್ಟೆನ್ಸ್ ಕೆಂಟಳಿಗೆ ಸೇರಿದ ರಾತ್ರಿಯ ಅಂಗಿಯೊಂದು ಅಗಸಗಿತ್ತಿಯ ಲೆಕ್ಕದ ಪುಸ್ತಕದಲ್ಲಿದೆ, ಪೆಟ್ಟಿಗೆಯಲ್ಲಿಲ್ಲ. ಇಷ್ಟರ ಮೇಲೆಯೇ ಆತನು ಆಕೆಯನ್ನು ಸೆರೆಹಿಡಿದನು. ಕುಲೀನ ಮನೆತನದ ಹುಡುಗಿಯ ಒಳ ಉಡುಪುಗಳನ್ನು ನ್ಯಾಯಾಲಯದಲ್ಲಿ ಎಣಿಸಿದನೆಂದು ಜನರು ಹೇಸಿದರು. ಆಕೆ ಬಿಡುಗಡೆಯಾದಳು, ವಿಚರನ ಕೀರ್ತಿ ಮಣ್ಣುಗೂಡಿತು. ಐದು ವರ್ಷಗಳ ಬಳಿಕ, 1865ರಲ್ಲಿ, ಆಕೆ ತಾನಾಗಿಯೇ ಬಂದು ತಪ್ಪೊಪ್ಪಿಕೊಂಡಳು; ಇಪ್ಪತ್ತು ವರ್ಷ ಸೆರೆಮನೆಯಲ್ಲಿದ್ದಳು. ಒಲೆಯ ಗೂಡಿನ ಅಂಗಿಗೂ ಕೊಲೆಗೂ ಸಂಬಂಧವಿತ್ತೇ ಎಂಬುದು ಕೊನೆಗೂ ಇತ್ಯರ್ಥವಾಗಲಿಲ್ಲ. ಪೊಲೀಸನ ನಾಚಿಕೆಯೇ ಅದನ್ನು ಇತ್ಯರ್ಥವಾಗದಂತೆ ಮಾಡಿತು. ಕಾಗದ ಬರೆದ ಮಹಾಶಯರು ದಯಮಾಡಿ ಗಮನಿಸಬೇಕು: ಇಲ್ಲಿ ಯಾವ ಹೆಂಗಸಿನ ಗೌರವವೂ ಉಳಿಯಲಿಲ್ಲ. ಆಳುಹೆಣ್ಣುಗಳ ಶರೀರವನ್ನು ಶೋಧಿಸುವಾಗ ಅಡ್ಡಬಾರದ ಲಜ್ಜೆಯು ಒಂದು ಬಟ್ಟೆಯ ತುಂಡಿನ ಮುಂದೆ ಬಂದು ಅಡ್ಡನಿಂತಿತು.

ಮತ್ತೆ ರೇಚಲಳ ಬಳಿಗೆ ಹೋಗೋಣ. ಆಕೆ ಪೆಟ್ಟಿಗೆಯನ್ನು ತೋರಿಸಲೊಲ್ಲದೆ ಮೌನವಾಗಿದ್ದುದರಿಂದ ಕಫನು ಆಕೆಯೇ ತನ್ನ ವಜ್ರವನ್ನು ಬಚ್ಚಿಟ್ಟಿರುವಳೆಂದು ನಿಶ್ಚಯಿಸಿದನು. ಆತನಂಥ ಬುದ್ಧಿಶಾಲಿಯೂ ಇಲ್ಲಿ ಎಡವಿದನು. ನಿಜಸ್ಥಿತಿಯೇನೆಂದರೆ, ರಾತ್ರಿ ಒಂದು ಗಂಟೆಯ ಹೊತ್ತಿನಲ್ಲಿ ತಾನು ಪ್ರೀತಿಸುತ್ತಿದ್ದ ಫ್ರಾಂಕ್ಲಿನ್ ಬ್ಲೇಕನೇ ತನ್ನ ಕೊಠಡಿಗೆ ಬಂದು ವಜ್ರವನ್ನು ತೆಗೆದುಕೊಂಡು ಹೋದುದನ್ನು ಆಕೆ ಕಂಡಿದ್ದಳು. ಹೇಳಿದರೆ ಆತನ ಮಾನ ಹೋಗುವುದು. ಸರಿರಾತ್ರಿಯಲ್ಲಿ ತನ್ನ ಕೊಠಡಿಗೆ ಗಂಡಸು ಬಂದಿದ್ದನೆಂದರೆ ತನ್ನ ಮಾನವೂ ಉಳಿಯದು. ಬಣ್ಣ ಹತ್ತಿದ ಅಂಗಿಯನ್ನು ಕಂಡ ದಾಸಿ ರೋಸನಳಿಗೂ ಮೊದಲು ಹೊಳೆದುದು ಕಳ್ಳತನವಲ್ಲ, ಆ ಇನ್ನೊಂದು ಸಂಶಯವೇ. ಹೀಗೆ ಒಂದು ವರ್ಷಕಾಲ ಒಬ್ಬಳು ಬಾಯಿ ಬಿಡಲಾರದೆ ಬೇಯುವಳು. ಇನ್ನೊಬ್ಬಳು ಆತನಿಗಾಗಿ ಅಂಗಿಯನ್ನು ಬಚ್ಚಿಟ್ಟು ಮರಳಿನ ಕೂಪದಲ್ಲಿ ಪ್ರಾಣ ಬಿಡುವಳು.

ಮೌನಂ ಸಮ್ಮತಿಲಕ್ಷಣಂ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ಆ ಮಾತನ್ನು ಯಾರು ಯಾರಿಗೆ ಹೇಳುತ್ತಾರೆಂಬುದನ್ನು ಗಮನಿಸಿದ್ದೀರಾ? ಸಾಲ ಕೊಟ್ಟವನು ಸುಮ್ಮನಿದ್ದರೆ ಸಾಲವನ್ನು ಬಿಟ್ಟುಬಿಟ್ಟನೆಂದು ಯಾರೂ ಅರ್ಥಮಾಡುವುದಿಲ್ಲ. ಹೆಣ್ಣು ಸುಮ್ಮನಿದ್ದರೆ ಮಾತ್ರ ಒಪ್ಪಿದಳು. ಬಚ್ಚಲಮನೆಯ ಹುಡುಗಿಯೂ ಸುಮ್ಮನಿದ್ದಳು.

ಈ ಕಾದಂಬರಿಯಲ್ಲಿ ಇನ್ನೊಂದು ಸಂಗತಿಯುಂಟು. ಅದು ಬಹುಮಂದಿ ಓದುಗರ ಗಮನಕ್ಕೆ ಬಾರದೆ ಹೋಗುವುದೆಂದು ನನ್ನ ಅಭಿಪ್ರಾಯ. ಕತೆಯನ್ನು ಓದದವರು ಈ ಭಾಗವನ್ನು ಬಿಟ್ಟು ಮುಂದಕ್ಕೆ ಹೋಗುವುದು ಒಳ್ಳೆಯದು. ಫ್ರಾಂಕ್ಲಿನನು ಕಳ್ಳನಲ್ಲ. ಆ ರಾತ್ರಿ ಊಟದ ಹೊತ್ತಿನಲ್ಲಿ ಆತನು ವೈದ್ಯಶಾಸ್ತ್ರವನ್ನು ಗೇಲಿ ಮಾಡಿದನೆಂದು ಊರಿನ ವೈದ್ಯನು ಕೋಪಗೊಂಡು, ಅವನಿಗೆ ಬುದ್ಧಿ ಕಲಿಸಬೇಕೆಂದು, ಅವನಿಗೆ ತಿಳಿಯದಂತೆ ಅಫೀಮಿನ ದ್ರಾವಣವನ್ನು ಪಾನೀಯದಲ್ಲಿ ಬೆರೆಸಿ ಕುಡಿಸಿದ್ದನು. ಅಫೀಮಿನ ಮಂಪರಿನಲ್ಲಿ, ವಜ್ರಕ್ಕೆ ಅಪಾಯವುಂಟೆಂಬ ಚಿಂತೆಯಿಂದಲೇ, ಅವನು ಎದ್ದುಹೋಗಿ ಅದನ್ನು ತೆಗೆದನು. ಬೆಳಗ್ಗೆ ಏನೂ ನೆನಪಿಲ್ಲ. ವೈದ್ಯನಾದರೋ ಮಳೆಯಲ್ಲಿ ನೆನೆದು ಜ್ವರ ಬಂದು ಜ್ಞಾಪಕಶಕ್ತಿಯನ್ನು ಕಳೆದುಕೊಂಡನು. ಎಂದರೆ, ಇಷ್ಟೆಲ್ಲಾ ಅನರ್ಥಕ್ಕೆ ಮೂಲವು ವಜ್ರದ ಆಸೆ ಮಾತ್ರವಲ್ಲ. ಒಬ್ಬನ ಶರೀರದೊಳಕ್ಕೆ ಅವನ ಒಪ್ಪಿಗೆಯಿಲ್ಲದೆ ಒಂದು ವಸ್ತುವನ್ನು ಸೇರಿಸಿದುದು. ಮುಂದೆ ವೈದ್ಯನ ಸಹಾಯಕನಾದ ಎಜ್ರಾ ಜೆನ್ನಿಂಗ್ಸನು ಸತ್ಯವನ್ನು ಹೊರಗೆಡಹಲು ಅದೇ ಅಫೀಮನ್ನು ಅದೇ ಮನೆಯಲ್ಲಿ ಮತ್ತೊಮ್ಮೆ ಕುಡಿಸುವನು. ಆದರೆ ಈ ಸಲ ಫ್ರಾಂಕ್ಲಿನನಿಗೆ ಎಲ್ಲವನ್ನೂ ತಿಳಿಸಿ, ಅವನು ಒಪ್ಪಿದ ಮೇಲೆ, ಸಾಕ್ಷಿಗಳ ಎದುರಿಗೆ. ಮನೆಯನ್ನು ತೆರೆಸಲು ರೇಚಲಳ ಅನುಮತಿಯನ್ನೂ ಪಡೆದು. ಔಷಧ ಒಂದೇ, ಶರೀರ ಒಂದೇ. ಒಂದು ಸಲ ಅದು ಅಪರಾಧ, ಇನ್ನೊಂದು ಸಲ ಪರಿಹಾರ. ನಡುವೆ ಇರತಕ್ಕ ವ್ಯತ್ಯಾಸವು ಕೇಳಿದರೋ ಕೇಳಲಿಲ್ಲವೋ ಎಂಬುದಷ್ಟೇ. ಶರೀರವು ಗಂಡಸಿನದಾದ್ದರಿಂದ ಇಲ್ಲಿ ಲಜ್ಜೆಯ ಮಾತನ್ನು ಯಾರೂ ಎತ್ತುವುದಿಲ್ಲ. ವಿಷಯವು ಎಷ್ಟು ನಿಚ್ಚಳವಾಗಿ ಕಾಣುತ್ತದೆ ನೋಡಿ!

ಲಜ್ಜೆಗೂ ಒಪ್ಪಿಗೆಗೂ ಇರುವ ಈ ಗಂಟನ್ನು ಬಿಡಿಸಲು ಸ್ತ್ರೀಪಕ್ಷದ ಲೇಖಕಿಯರು ಬಹುಕಾಲದಿಂದ ಯತ್ನಿಸಿರುವರು. ಮೇರಿ ವುಲ್‌ಸ್ಟನ್‌ಕ್ರಾಫ್ಟಳು 1792ರಲ್ಲಿ ಬರೆದ ಸ್ತ್ರೀಯರ ಹಕ್ಕುಗಳ ಗ್ರಂಥದಲ್ಲಿ ಒಂದು ಪೂರ್ಣ ಅಧ್ಯಾಯವೇ ಲಜ್ಜೆಯನ್ನು ಕುರಿತದ್ದು. ಆಕೆ ಲಜ್ಜೆಯನ್ನು ತಳ್ಳಿಹಾಕಿದವಳಲ್ಲ. ಅದು ಹೆಂಗಸರಿಗೇ ಮೀಸಲಾದ ಧರ್ಮವಲ್ಲ, ಗಂಡಸಿಗೂ ಅಷ್ಟೇ ಸಲ್ಲತಕ್ಕದ್ದು. ಅಜ್ಞಾನದಿಂದ ಹುಟ್ಟುವ ನಾಚಿಕೆ ಬೇರೆ, ವಿವೇಕದಿಂದ ಹುಟ್ಟುವ ಆತ್ಮಗೌರವ ಬೇರೆ ಎಂದು ಆಕೆಯ ವಾದ. ನಮ್ಮವರಿಗೆ ಇದು ಹೊಸದೇ? ಕೌರವರ ಸಭೆಗೆ ಏಕವಸ್ತ್ರದಲ್ಲಿ ಎಳೆದುತರಲ್ಪಟ್ಟ ದ್ರೌಪದಿ ಮೊದಲು ಕೇಳಿದುದು ಧರ್ಮಶಾಸ್ತ್ರದ ಪ್ರಶ್ನೆಯನ್ನು: ತನ್ನನ್ನು ತಾನು ಸೋತವನಿಗೆ ನನ್ನನ್ನು ಒಡ್ಡುವ ಅಧಿಕಾರ ಎಲ್ಲಿಂದ ಬಂದಿತು? ಭೀಷ್ಮಾದಿಗಳು ಉತ್ತರ ಹೇಳಲಾರದೆ ತಲೆತಗ್ಗಿಸಿದರು. ನಾವು ಹರಿಕಥೆಯಲ್ಲಿ ಅಕ್ಷಯವಾದ ಸೀರೆಯನ್ನು ನೆನೆದು ಕಣ್ಣೀರಿಡುತ್ತೇವೆ, ಪ್ರಶ್ನೆಯನ್ನು ಮರೆತುಬಿಡುತ್ತೇವೆ. ಅಕ್ಕಮಹಾದೇವಿಯ ಮಾತನ್ನು ಇಲ್ಲಿ ಎತ್ತಬೇಕೆಂದಿದ್ದೆನು. ಅದು ಇನ್ನೊಂದು ತಿಂಗಳಿನ ಪುಟವನ್ನೇ ಬೇಡುವುದರಿಂದ ಬಿಟ್ಟಿರುವೆನು.

ಇಂಗ್ಲೆಂಡಿನಲ್ಲಿ 1864ರಿಂದ ಸೇನೆಯ ಊರುಗಳಿಗಾಗಿ ಕೆಲವು ಕಾಯಿದೆಗಳು ಬಂದವು. ಸೈನಿಕರಿಗೆ ರೋಗ ಹರಡುವುದೆಂಬ ಕಾರಣದಿಂದ ಪೊಲೀಸನು ಯಾವ ಹೆಂಗಸನ್ನು ವೇಶ್ಯೆಯೆಂದು ಸಂಶಯಿಸುವನೋ ಆಕೆ ವೈದ್ಯನ ದೇಹಪರೀಕ್ಷೆಗೆ ಒಳಗಾಗಬೇಕು, ಒಲ್ಲದಿದ್ದರೆ ಸೆರೆಮನೆ. ಸೈನಿಕರಿಗೆ ಇಂಥ ಬಲವಂತವಿರಲಿಲ್ಲ. 'ದಿ ಮೂನ್‌ಸ್ಟೋನ್' ಪ್ರಕಟವಾದ 1868ರಲ್ಲಿಯೇ ಅಂಥದೇ ಕಾಯಿದೆ ಭಾರತಕ್ಕೂ ಬಂದಿತು. ಜೋಸೆಫಿನ್ ಬಟ್ಲರ್ ಎಂಬ ಪಾದ್ರಿಯ ಪತ್ನಿಯು, ಸಭ್ಯ ಸ್ತ್ರೀಯರು ಬಾಯಿಯಲ್ಲಿ ಉಚ್ಚರಿಸಬಾರದೆಂದು ಹೇಳುತ್ತಿದ್ದ ಈ ವಿಷಯವನ್ನೇ ಎತ್ತಿಕೊಂಡು ಊರೂರಿನ ಸಭೆಗಳಲ್ಲಿ ಮಾತನಾಡಿದಳು. ನಿರ್ಲಜ್ಜೆಯೆಂಬ ಬೈಗಳನ್ನು ತಿಂದಳು. ಕಾಯಿದೆಗಳು ಇಂಗ್ಲೆಂಡಿನಲ್ಲಿ 1886ರಲ್ಲಿಯೂ ಭಾರತದಲ್ಲಿ 1888ರಲ್ಲಿಯೂ ರದ್ದಾದವು. ಲಜ್ಜೆಯನ್ನು ಕಾಪಾಡಲು ಲಜ್ಜೆಯನ್ನು ಬಿಟ್ಟು ಮಾತನಾಡಬೇಕಾದ ಸಂದರ್ಭವಿದು.

ನಮ್ಮ ದೇಶದಲ್ಲಿ 1972ರಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯೊಂದರಲ್ಲಿ ಆದಿವಾಸಿ ಬಾಲೆಯೊಬ್ಬಳ ಮೇಲೆ ಅತ್ಯಾಚಾರ ನಡೆದ ಮೊಕದ್ದಮೆಯನ್ನು ತಿಳಿದವರು ಅನೇಕರಿರಬಹುದು. ಆಕೆಯ ಮೈಮೇಲೆ ಗಾಯಗಳಿಲ್ಲ, ಕೂಗಾಡಿದ ಗುರುತಿಲ್ಲ ಎಂಬಂಥ ಕಾರಣಗಳಿಂದ ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ಆರೋಪಿಗಳಾದ ಪೊಲೀಸರನ್ನು ಬಿಟ್ಟಿತು. ಮರುವರ್ಷ ನಾಲ್ವರು ನ್ಯಾಯಶಾಸ್ತ್ರದ ಅಧ್ಯಾಪಕರು ಬಹಿರಂಗ ಪತ್ರವನ್ನು ಬರೆದು, ಭಯದಿಂದ ಬಗ್ಗುವುದಕ್ಕೂ ಮನಸಾರೆ ಒಪ್ಪುವುದಕ್ಕೂ ಇರುವ ಅಂತರವನ್ನು ಎತ್ತಿ ತೋರಿಸಿದರು. ಚಳವಳಿಯೆದ್ದಿತು, 1983ರಲ್ಲಿ ಕಾಯಿದೆ ತಿದ್ದಲ್ಪಟ್ಟಿತು, 2013ರ ತಿದ್ದುಪಡಿಯಲ್ಲಿ ಸಮ್ಮತಿಯೆಂದರೆ ಸಂದೇಹಕ್ಕೆ ಎಡೆಯಿಲ್ಲದ ಸ್ವಂತ ಇಚ್ಛೆಯ ಒಪ್ಪಿಗೆ, ಹೊಡೆದಾಡಲಿಲ್ಲವೆಂಬ ಮಾತ್ರಕ್ಕೆ ಒಪ್ಪಿದಳೆಂದು ಭಾವಿಸಕೂಡದು ಎಂದು ಬರೆಯಲ್ಪಟ್ಟಿತು. ಸಂಸ್ಕೃತದ ಆ ಹಳೆಯ ಗಾದೆಯು ದಂಡಶಾಸ್ತ್ರದ ಈ ಭಾಗದಲ್ಲಿ ಇನ್ನು ನಡೆಯದು. ಆದರೂ ಸ್ತ್ರೀಯ ಮರ್ಯಾದೆಗೆ ಭಂಗ ತರುವುದು ಎಂಬ 1860ರ ದಂಡಸಂಹಿತೆಯ ಮಾತು 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯಸಂಹಿತೆಯಲ್ಲಿಯೂ 74ನೆಯ ಕಲಮಿನಲ್ಲಿ ಉಳಿದುಕೊಂಡಿದೆ. ಆಕೆಯ ಮರ್ಯಾದೆಗೆ ಭಂಗವಾಯಿತೇ ಎಂದು ಕೇಳುವುದಕ್ಕಿಂತ ಆಕೆಯ ಒಪ್ಪಿಗೆಯಿತ್ತೇ ಎಂದು ಕೇಳುವುದು ಸರಳವೆಂದು ಸ್ತ್ರೀವಾದಿಗಳು ಆಕ್ಷೇಪಿಸುವರು. ನನಗೂ ಹಾಗೆಯೇ ತೋರುವುದು.

ಇನ್ನು ಕಷ್ಟವಾದ ಪುಸ್ತಕಗಳಲ್ಲಿಯೂ ಕಷ್ಟವಾದದ್ದನ್ನು ಹೇಳಿ ಮುಗಿಸುವೆನು. ಡೊರತಿ ಎಲ್. ಸೇಯರ್ಸ್ ಎಂಬಾಕೆಯು ಆಕ್ಸ್‌ಫರ್ಡಿನಲ್ಲಿ ಓದಿ ತೇರ್ಗಡೆಯಾದುದು 1915ರಲ್ಲಿ. ಹೆಂಗಸರಿಗೆ ಪದವಿ ಕೊಡುವ ಪದ್ಧತಿ ಅಲ್ಲಿ ಇಲ್ಲದ ಕಾರಣ ಪದವಿ ಸಿಕ್ಕಿದುದು 1920ರಲ್ಲಿ. ಸ್ತ್ರೀವಾದಿಯೆಂಬ ಹೆಸರನ್ನು ಆಕೆ ಅಷ್ಟಾಗಿ ಬಯಸಿದವಳಲ್ಲ. ಹೆಂಗಸೂ ಮನುಷ್ಯಳೇ ಎಂಬಷ್ಟನ್ನು ಒಪ್ಪಿದರೆ ಸಾಕೆಂಬುದು ಆಕೆಯ ಮತ. 1930ರ 'ಸ್ಟ್ರಾಂಗ್ ಪಾಯ್ಸನ್' ಎಂಬ ಕಾದಂಬರಿಯಲ್ಲಿ ಹ್ಯಾರಿಯೆಟ್ ವೇನ್ ಎಂಬ ಲೇಖಕಿಯು ಕೊಲೆಯ ಆಪಾದನೆಗೆ ಗುರಿಯಾಗಿ ಕಟಕಟೆಯಲ್ಲಿ ನಿಲ್ಲುವಳು. ವಿವಾಹದಲ್ಲಿ ನಂಬಿಕೆಯಿಲ್ಲವೆಂದು ಹೇಳಿದವನೊಡನೆ ವಿವಾಹವಿಲ್ಲದೆ ಸಂಸಾರ ಮಾಡಿದವಳು ಆಕೆ. ಆಮೇಲೆ ಅವನೇ ಮದುವೆಯಾಗೋಣವೆಂದಾಗ, ಇಷ್ಟು ದಿನ ತನ್ನನ್ನು ಪರೀಕ್ಷಿಸುತ್ತಿದ್ದನೆಂದು ತಿಳಿದು, ಅವಮಾನಗೊಂಡು ಅವನನ್ನು ಬಿಟ್ಟಳು. ಶೀಲಗೆಟ್ಟವಳು ವಿಷವನ್ನೂ ಹಾಕಿದ್ದಾಳು ಎಂಬ ತರ್ಕವು ನ್ಯಾಯಾಲಯದ ಗಾಳಿಯಲ್ಲೆಲ್ಲಾ ತುಂಬಿರುವುದು. ಲಾರ್ಡ್ ಪೀಟರ್ ವಿಮ್ಸಿಯು ಆಕೆಯನ್ನು ನೇಣಿನಿಂದ ಪಾರುಮಾಡಿ, ತನ್ನನ್ನು ವರಿಸಬೇಕೆಂದು ಬೇಡುವನು. ಆಕೆ ಒಲ್ಲೆನೆನ್ನುವಳು.

ಏಕೆ ಒಲ್ಲಳು? ಇದಕ್ಕೆ ಉತ್ತರವು 1935ರಲ್ಲಿ ಬಂದ 'ಗಾಡಿ ನೈಟ್' ಎಂಬ ದಪ್ಪ ಗ್ರಂಥದಲ್ಲಿದೆ. ಆಕ್ಸ್‌ಫರ್ಡಿನ ಕಲ್ಪಿತ ಸ್ತ್ರೀ ಕಾಲೇಜೊಂದರಲ್ಲಿ ಯಾರೋ ಅಶ್ಲೀಲ ಚಿತ್ರಗಳನ್ನೂ ನೀಚ ಪತ್ರಗಳನ್ನೂ ಹರಡುತ್ತಿರುವರು. ಕೊಲೆಯೇ ಇಲ್ಲದ ಪತ್ತೇದಾರಿ ಕಾದಂಬರಿ! ಮದುವೆಯಿಲ್ಲದೆ ವಿದ್ಯೆಯಲ್ಲಿ ಮುಳುಗಿದ ಹೆಂಗಸರ ಮೇಲೆ ಲೋಕವು ಹೊರಿಸುವ ಸಂಶಯಗಳೆಲ್ಲಾ ಅಲ್ಲಿಯ ವಿದುಷಿಯರು ಒಬ್ಬರ ಮೇಲೊಬ್ಬರು ಪಡುವ ಸಂಶಯಗಳಾಗಿ ಮಾರ್ಪಡುವುವು. ಲ್ಯಾಟಿನ್ ವಾಕ್ಯಗಳು, ಹಳೆಯ ಕವಿಗಳ ನೆನಪುಗಳು ಹೆಜ್ಜೆಹೆಜ್ಜೆಗೂ ತೊಡರುವುವು. ನಾನು ಮೂರು ಸಲ ಕೈಬಿಟ್ಟು ನಾಲ್ಕನೆಯ ಸಲ ಮುಗಿಸಿದೆನೆಂದು ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ಆದರೆ ಹ್ಯಾರಿಯೆಟಳ ಕಷ್ಟವು ತಿಳಿದ ಮೇಲೆ ಗ್ರಂಥವು ಬಿಡಿಸಿಕೊಳ್ಳುವುದು. ಪ್ರಾಣವನ್ನು ಉಳಿಸಿದವನಿಗೆ ಇಲ್ಲವೆನ್ನುವುದು ಹೇಗೆ? ಋಣದ ಭಾರದಿಂದ ಹೌದೆಂದರೆ ಅದು ಒಪ್ಪಿಗೆಯೇ, ಸಾಲದ ತೀರುವಳಿಯೇ? ಪೀಟರನೂ ಈ ಸಂಕಟವನ್ನು ಅರಿತವನಾದ್ದರಿಂದ ವರ್ಷಗಟ್ಟಲೆ ಕಾಯುವನು. ಅಪಾಯವಿದೆಯೆಂದು ಗೊತ್ತಿದ್ದರೂ ಆಕೆಯನ್ನು ಆ ಕೆಲಸದಿಂದ ತಡೆಯುವುದಿಲ್ಲ. ಕುತ್ತಿಗೆ ಹಿಚುಕಲು ಬಂದವರಿಂದ ಬಿಡಿಸಿಕೊಳ್ಳುವ ಪಟ್ಟುಗಳನ್ನು ಕಲಿಸಿಕೊಡುವನು.

ಲ್ಯಾಟಿನ್ ವ್ಯಾಕರಣದಲ್ಲಿ ಪ್ರಶ್ನೆ ಕೇಳಲು ಮೂರು ಅವ್ಯಯಗಳುಂಟು. 'ನೊನ್ನೆ' ಎಂದರೆ ಹೌದೆಂಬ ಉತ್ತರವನ್ನು ಎದುರುನೋಡುವ ಪ್ರಶ್ನೆ. 'ನುಮ್' ಎಂದರೆ ಇಲ್ಲವೆಂಬ ಉತ್ತರವನ್ನು ಎದುರುನೋಡುವುದು. ಪದದ ಕೊನೆಗೆ ಸುಮ್ಮನೆ 'ನೆ' ಹತ್ತಿಸಿದರೆ ಯಾವ ಉತ್ತರವನ್ನೂ ಮೊದಲೇ ಬಯಸದ ಪ್ರಶ್ನೆ. ಪೀಟರನು ಒಮ್ಮೆ ನಿರಾಶೆಯಿಂದ ಎರಡನೆಯ ಬಗೆಯಲ್ಲಿ ಬರೆದು ಕೇಳಿ, ತಕ್ಕ ಉತ್ತರವನ್ನೇ ಪಡೆದಿರುವನು. ಗ್ರಂಥದ ಕೊನೆಯಲ್ಲಿ, ಇಬ್ಬರೂ ವಿದ್ವಾಂಸರ ನಿಲುವಂಗಿಗಳನ್ನು ತೊಟ್ಟಿರುವಾಗ, ವಿಶ್ವವಿದ್ಯಾನಿಲಯದ ಸಭೆಯು ತನ್ನ ಸದಸ್ಯರ ಸಮ್ಮತಿಯನ್ನು ಕೇಳುವ ವಾಕ್ಯದ ಮಾದರಿಯಲ್ಲಿಯೇ, ಮೂರನೆಯ ಅವ್ಯಯವನ್ನು ಹತ್ತಿಸಿ, ಸಮಾನಳಾದ ವಿದುಷಿಯನ್ನು ಕೇಳುವಂತೆ ಕೇಳುವನು. ಆಕೆ ಅದೇ ಭಾಷೆಯ ಒಂದೇ ಮಾತಿನಲ್ಲಿ ಉತ್ತರ ಕೊಡುವಳು. ಇದಕ್ಕಿಂತ ಲಜ್ಜಾಯುಕ್ತವಾದ, ಇದಕ್ಕಿಂತ ಸ್ವತಂತ್ರವಾದ ಪ್ರಣಯದ ಮಾತನ್ನು ನಾನು ಓದಿಲ್ಲ.

ನಮ್ಮ ಕನ್ನಡದಲ್ಲಿಯೂ ಈ ಮೂರು ಬಗೆಗಳಿಲ್ಲವೇ? "ನಿನಗೆ ಒಪ್ಪಿಗೆ ತಾನೇ?", "ನಿನಗೇನು ಒಪ್ಪಿಗೆಯಿಲ್ಲವೋ?", "ನಿನಗೆ ಒಪ್ಪಿಗೆಯೇ?" ನನ್ನನ್ನು ನೋಡಲು ವರನ ಕಡೆಯವರು ಬಂದ ದಿನ ಮೊದಲನೆಯ ಪ್ರಶ್ನೆಯನ್ನು ನನ್ನ ಸೋದರತ್ತೆಯು ಕೇಳಿದಳು, ಅದೂ ನನ್ನನ್ನಲ್ಲ, ನನ್ನ ಅಜ್ಜಿಯನ್ನು. ಅಜ್ಜಿಯು ನನ್ನ ಮುಖವನ್ನು ನೋಡಿ, ನಾನು ನೆಲ ನೋಡುತ್ತಿದ್ದುದನ್ನು ಕಂಡು, ಹುಡುಗಿಗೆ ಒಪ್ಪಿಗೆಯೆಂದು ಸಾರಿದಳು. ದೈವಯೋಗದಿಂದ ನನಗೆ ನಿಜವಾಗಿಯೂ ಒಪ್ಪಿಗೆಯಾಗಿತ್ತು. ನೆಲದ ಮೇಲೆ ಇರುವೆಯ ಸಾಲೊಂದು ಹರಿಯುತ್ತಿತ್ತು, ಆದ್ದರಿಂದ ನೋಡುತ್ತಿದ್ದೆನು.

ಕಾಗದ ಬರೆದ ಮಹಾಶಯರಿಗೆ ನನ್ನ ಬಿನ್ನಹವಿಷ್ಟು. ಮಗಳ ಮೇಜಿನ ಮೇಲಿನ ಪುಸ್ತಕಗಳನ್ನು ತೆಗೆಯಬೇಡಿರಿ. ಆಕೆಯ ಪೆಟ್ಟಿಗೆಯನ್ನೂ ಆಕೆಯಿಲ್ಲದಾಗ ತೆರೆದು ನೋಡಬೇಡಿರಿ. ನೋಡಿದ್ದೀರೆಂದು ನಿಮ್ಮ ಕಾಗದದ ಎರಡನೆಯ ಪುಟದಿಂದ ನನಗೆ ಸಂಶಯವಾಗಿದೆ. 'ದಿ ಮೂನ್‌ಸ್ಟೋನ್' ಆಕೆಯ ಬಳಿ ಇಲ್ಲವಾದರೆ ಕೊಂಡು ತಂದುಕೊಡಿರಿ, ನೀವೂ ಓದಿರಿ. ಹೊತ್ತು ಸಾಕಷ್ಟು ಹಿಡಿಯುವುದು. 'ಗಾಡಿ ನೈಟ್' ಎರಡು ಮೂರು ವರ್ಷ ಕಾಯಬಹುದು. ಅದು ಅಸಭ್ಯವೆಂದಲ್ಲ, ಲ್ಯಾಟಿನ್ನಿನ ಕಾಟಕ್ಕಾಗಿ. ಬಚ್ಚಿಡಲೇಬೇಕೆಂಬ ಆಸೆಯಿದ್ದರೆ ಈ ಲೇಖನವನ್ನು ಬಚ್ಚಿಡಿರಿ. ಏಕೆಂದರೆ ಅಫೀಮಿನ ಗುಟ್ಟನ್ನು ನಾನು ಮೇಲೆಯೇ ಹೇಳಿಬಿಟ್ಟಿರುವೆನು. ವಜ್ರವು ಕೊನೆಗೆ ಯಾರ ಕೈಸೇರಿತೆಂಬುದನ್ನು ಮಾತ್ರ ಬೇಕೆಂದೇ ಹೇಳಿಲ್ಲ.